ಪದ್ಮತ್ತೆ ಆರಿಸಿದ ಗೇರು

ಕಾರಿನಲ್ಲಿ ಕೂತ ಕೂಡಲೇ ಪದ್ಮತ್ತೆ ಎಡಗೈಯ ಬಂಗಾರದ ಬಳೆಗಳನ್ನು ಕಳಚಿ ಬಲಗೈಗೆ ಏರಿಸಿಕೊಳ್ಳುತ್ತಿದ್ದಳು. ಗೇರಿನ ದಂಡಕ್ಕೆ ಬಳೆ ಬಡಿದು ಸದ್ದಾದರೆ ಎಂಜಿನ್ನಿನ ದನಿ ಕೇಳಿಸುವುದಿಲ್ಲ ಎಂದು ಅವಳ ದೂರು. ಆಮೇಲೆ ಸೀರೆಯ ನೆರಿಗೆಯನ್ನು ಒತ್ತಿ ಸರಿಮಾಡಿ, ಕನ್ನಡಿಯಲ್ಲಿ ಹಿಂದಿನ ರಸ್ತೆ ನೋಡಿ, ನೆಲಕ್ಕೆ ಅಂಟಿದಂತಿದ್ದ ಆ ಎರಡು ಬಾಗಿಲಿನ ಕೆಂಪು ಕಾರನ್ನು ಇಚಲಕರಂಜಿಯ ಗಲ್ಲಿಯಿಂದ ಹೊರಗೆ ತೆಗೆಯುವಳು. ಎರಡೂ ಕಡೆ ಪವರ್‌ಲೂಮುಗಳ ಖಟಪಟ. ಆ ಸದ್ದಿನ ನಡುವೆಯೂ ಯಾವ ಗೇರಿನಲ್ಲಿ ಕಾರು ನರಳುತ್ತಿದೆ, ಯಾವುದರಲ್ಲಿ ಹಾಯಾಗಿದೆ ಎಂದು ಅವಳಿಗೆ ತಿಳಿಯುತ್ತಿತ್ತು.

ಅವಳು ನನ್ನ ತಂದೆಯ ತಂಗಿ. ಗಡಹಿಂಗ್ಲಜದ ನಮ್ಮ ಮನೆಯಿಂದ ಇಚಲಕರಂಜಿಯ ಮಗ್ಗದ ಮನೆಗೆ ಮದುವೆಯಾಗಿ ಹೋದವಳು. ಅವಳು ಡ್ರೈವಿಂಗ್ ಕಲಿತದ್ದು ನೂಲು ತರುವ ಟೆಂಪೋದಲ್ಲಿ. ಡ್ರೈವರು ಒಂದು ದಿನ ಹೇಳದೆ ಕೇಳದೆ ಕೆಲಸ ಬಿಟ್ಟಾಗ ಮನೆಯವರೆಲ್ಲ ಇನ್ನೊಬ್ಬ ಡ್ರೈವರನ್ನು ಹುಡುಕತೊಡಗಿದರಂತೆ. ಅತ್ತೆ ಕೀಲಿಕೈ ಹುಡುಕಿದಳು. "ನೂಲು ಬರಲಿಲ್ಲಂದ್ರ ಮಗ್ಗ ನಿಂತಾವು. ಮಗ್ಗ ನಿಂತ ಮ್ಯಾಲೆ ಮರ್ಯಾದಿ ತಗೊಂಡು ಏನ್ ಮಾಡೂದು?" ಎಂದು ಅತ್ತೆಮನೆಯ ಹಿರಿಯರಿಗೆ ಹೇಳಿದ್ದನ್ನು ಭರತ ಮಾವ ಇವತ್ತಿಗೂ ಹೆಮ್ಮೆಯಿಂದ ಹೇಳುತ್ತಾರೆ. ಮಾವ ಮೆತ್ತನೆಯ ಮನುಷ್ಯ. ಬಸದಿಗೆ ಹೋಗಿ ಬಂದು, ಪೇಪರು ಓದಿ, ಮಗ್ಗದ ಶೆಡ್ಡಿಗೆ ಒಂದು ಸುತ್ತು ಹಾಕಿದರೆ ಅವರ ದಿನ ಮುಗಿಯಿತು. ಗದ್ದಲವೆಲ್ಲ ಅತ್ತೆಯದು.

ಆ ಕೆಂಪು ಕಾರು ಪುಣೆಯ ಹಳೇ ಕಾರುಗಳ ಅಂಗಡಿಯಲ್ಲಿ ಅವಳ ಕಣ್ಣಿಗೆ ಬಿದ್ದಾಗ ಅವಳಿಗೆ ಐವತ್ತು ದಾಟಿತ್ತು. ಜಪಾನಿನಿಂದ ಬಂದದ್ದು, ಕೈಯಿಂದ ಗೇರು ಹಾಕುವಂಥದ್ದು, ಹಿಂದಿನ ಚಕ್ರಗಳು ತಳ್ಳಿ ಓಡುವಂಥದ್ದು. ಊರಿಗೆ ತಂದ ಮೊದಲ ವಾರ ಪೆಟ್ರೋಲ್ ಬಂಕಿನಲ್ಲಿ ಒಬ್ಬ, "ಕಾಕು, ಹೀ ಗಾಡೀ ಮುಲಾಚೀ ಕಾ?" ಎಂದು ಕೇಳಿದ, ಮಗನ ಗಾಡಿಯೇನು ಅಂತ. ಅತ್ತೆ ಮರಾಠಿಯಲ್ಲೇ, "ನಾಹೀ ರೇ, ಮಾಝೀಚ" ಎಂದು ಹೇಳಿ, ಅವನೆದುರಿಗೇ ಗೇರು ಹಾಕಿ ಹೊರಟಳು. ನನ್ನದೇ ಎಂದು ಹೇಳುವಾಗ ಅವಳ ದನಿಯಲ್ಲಿ ಜಂಬವಿರಲಿಲ್ಲ. ಇದರಲ್ಲಿ ಕೇಳುವಂಥದ್ದೇನಿದೆ ಎಂಬ ನಿಜವಾದ ಆಶ್ಚರ್ಯವಿತ್ತು.

"ಗಾಡಿ ಹೊಡಿಯೂದಂದ್ರ ಬರೇ ಸ್ಟೇರಿಂಗ್ ಹಿಡಿಯೂದಲ್ಲೋ ಅಜ್ಯಾ," ಎನ್ನುತ್ತಿದ್ದಳು. ನನ್ನ ಹೆಸರು ಅಜಿತ. ಅವಳ ಬಾಯಲ್ಲಿ ಕೊನೆಯವರೆಗೂ ಅಜ್ಯಾ. "ಕೈ, ಕಾಲು, ಕಿವಿ ಎಲ್ಲಾಕ್ಕೂ ಕೆಲಸ ಇರಬೇಕು. ಇಲ್ಲಾಂದ್ರ ಬಸ್ಸಿನ್ಯಾಗ ಕುಂತು ಹೋಗೂದು ಚಲೋ."

ಕಾರು ಬಂದ ಮೂರನೆಯ ವರ್ಷ ಅವಳ ಎಡ ಎದೆಯಲ್ಲಿ ಗಂಟು ಕಾಣಿಸಿತು. ಕೊಲ್ಹಾಪುರದಲ್ಲಿ ಆಪರೇಷನ್ ಆಯಿತು. ಎದೆಯ ಜೊತೆ ಬಗಲಿನ ಗ್ರಂಥಿಗಳನ್ನೂ ತೆಗೆದರು. ಚಿಕಿತ್ಸೆಯ ತಿಂಗಳುಗಳನ್ನು ಅವಳು ಬಾಯಿ ಬಿಡದೆ ಕಳೆದಳು. ಕೂದಲು ಹೋದಾಗ ಅಳಲಿಲ್ಲ. ಆದರೆ ಮನೆಗೆ ಬಂದು, ಡಾಕ್ಟರು ಗಾಡಿ ಹೊಡೆಯಬಹುದು ಎಂದ ಮೇಲೆ ಕಾರಿನಲ್ಲಿ ಕೂತು ಮೂರನೇ ಗೇರಿಗೆ ಕೈ ಚಾಚಿದಾಗ ಅವಳ ಕಣ್ಣಲ್ಲಿ ನೀರು ಬಂತು. ನಾನು ಪಕ್ಕದಲ್ಲೇ ಇದ್ದೆ.

"ಏನಾತು ಅತ್ತಿ?"

"ಬಗಲಾಗ ನೂಲು ಜಗ್ಗಿದಂಗ ಆಗತೈತಿ. ಹರೀತೇನೋ ಅನ್ನೂವಂಗ." ಮತ್ತೊಮ್ಮೆ ಕೈ ಚಾಚಿದಳು. ಮತ್ತೆ ಅದೇ. ಆ ಕಾರಿನಲ್ಲಿ ಒಂದು, ಮೂರು, ಐದನೆಯ ಗೇರುಗಳು ದೂರ ಮುಂದಕ್ಕೆ. ಎಡಗೈ ಅಷ್ಟು ದೂರ ಹೋಗಲು ಒಪ್ಪುತ್ತಿರಲಿಲ್ಲ.

ಮನೆಯಲ್ಲಿ ಎಲ್ಲರದೂ ಒಂದೇ ಮಾತು: ಅದನ್ನು ಮಾರಿ ಆಟೋಮ್ಯಾಟಿಕ್ ತೆಗೆದುಕೊಳ್ಳುವುದು. ಮಾವ ಒಂದು ಬೆಳ್ಳನೆಯ ಆಟೋಮ್ಯಾಟಿಕ್ಕನ್ನು ಟ್ರಯಲ್ಲಿಗೆಂದು ಮನೆಯ ಮುಂದೆ ತರಿಸಿಯೂಬಿಟ್ಟರು. ಅತ್ತೆ ಬೇಡವೆನ್ನದೆ ಅದನ್ನು ಓಡಿಸಿ, ಊರು ಸುತ್ತಿ ಬಂದು, ಕೀಲಿಕೈಯನ್ನು ಮಾವನ ಅಂಗೈಯಲ್ಲಿಟ್ಟಳು.

"ಗಾಡಿ ಚಲೋ ಐತ್ರಿ. ನಿಮಗ ತಗೋರಿ. ನನ್ನ ಗಾಡಿ ಅಲ್ಲೇ ಐತಿ."

"ಕೈಗೆ ತ್ರಾಸ ಆಗತೈತಲ್ಲ ಪದ್ಮಾ, ಹಟ ಯಾಕ?" ಎಂದರು ಮಾವ.

"ಎದಿ ಕೊಟ್ಟೇನ್ರಿ, ಕೂದಲಾ ಕೊಟ್ಟೇನಿ. ಕೇಳಿದ್ದೆಲ್ಲಾ ಕೊಟ್ಕೋತ ಬಂದೇನಿ. ಇದನ್ನ ಕೊಡಂಗಿಲ್ಲ."

ಮಾವ ಆ ಬಿಳಿ ಗಾಡಿಯನ್ನು ತಮಗೇ ಇಟ್ಟುಕೊಂಡರು.

ನಾನು ಕೊಲ್ಹಾಪುರದ ಹತ್ತಿರದ ಗೋಕುಳ ಶಿರಗಾಂವದಲ್ಲಿ ಒಂದು ಇಂಜಿನಿಯರಿಂಗ್ ವರ್ಕ್‌ಶಾಪು ನಡೆಸುತ್ತೇನೆ. ಅತ್ತೆ ಅಲ್ಲಿಗೆ ಬಂದು ನನ್ನೆದುರು ಕುರ್ಚಿ ಎಳೆದುಕೊಂಡು ಕೂತು, "ಗೇರು ನನ್ನ ಕಡೆ ಬರಬೇಕು. ಹೆಂಗ್ ಮಾಡ್ತಿ ಹೇಳು" ಎಂದಳು. ಹೊರಗಿನಿಂದ ತಂದು ಹಾಕುವ ಶಾರ್ಟ್ ಶಿಫ್ಟರ್ ಎಂಬ ಗಿಡ್ಡ ಚಲನೆಯ ಗೇರಿನ ದಂಡವೊಂದಿದೆ, ಹುರುಪಿನ ಹುಡುಗರು ರೇಸಿನ ಹುಚ್ಚಿಗೆ ಹಾಕಿಸುತ್ತಾರೆ ಎಂದೆ. ಮೇಜಿನ ಅಂಚಿಗೆ ಸ್ಕೇಲೊಂದನ್ನು ಆನಿಸಿ ತೋರಿಸಿದೆ. ಗೇರಿನ ದಂಡ ನಡುವೆ ಒಂದು ಗುಂಡಿನ ಮೇಲೆ ಕೂತು ತಿರುಗುತ್ತದೆ. ಆ ಗುಂಡಿನ ಕೆಳಗಿನ ತುಂಡು ಉದ್ದವಾದರೆ ಮೇಲೆ ಕೈ ಸ್ವಲ್ಪ ಸರಿದರೂ ಸಾಕು, ಕೆಳಗೆ ಗೇರು ಬೀಳುತ್ತದೆ. ಅತ್ತೆ ಸ್ಕೇಲನ್ನು ಕಸಿದುಕೊಂಡು ತಾನೇ ಒತ್ತಿ ನೋಡಿದಳು.

"ಆದ್ರ ಒತ್ತಾಕ ಜೋರು ಹೆಚ್ಚಿಗಿ ಬೇಕಾಗತೈತಿ."

"ಹೌದು. ಹಂಗಾಗಿ ಮಧ್ಯಮದ್ದು ತಗೊಳ್ಳೂಣು ಅತ್ತಿ."

"ಮಧ್ಯಮ ಯಾಕ? ದೂರನ ನನ್ನ ವೈರಿ. ಎಲ್ಲಾಕ್ಕಿಂತ ಸನಿಹದ್ದು ತರಸು."

ನಾನು ಎರಡು ಸಲ ಬೇಡವೆಂದೆ. ಅವಳು ಕೇಳಲಿಲ್ಲ. ಕೊಲ್ಹಾಪುರದಲ್ಲಿ ಅವಳ ಕಾರನ್ನು ನೋಡಿಕೊಳ್ಳುತ್ತಿದ್ದ ಮೆಕ್ಯಾನಿಕ್ ಸಲೀಂಭಾಯಿ ಎಲ್ಲಕ್ಕಿಂತ ಮೋಟು ಚಲನೆಯ ಶಿಫ್ಟರನ್ನು ತರಿಸಿ ಹಾಕಿದರು. ಕೈ ಮುಂದೆ ಚಾಚುವ ಕೆಲಸವೇ ಇಲ್ಲ. ಟಕ್ಕೆಂದರೆ ಗೇರು ಬಿತ್ತು. ಅತ್ತೆ ಚಿಕ್ಕ ಹುಡುಗಿಯಂತೆ ನಕ್ಕಳು. ಆ ವಾರವೆಲ್ಲ ಶಿರೋಳದ ಕಬ್ಬಿನ ಗಾಡಿಗಳ ನಡುವೆ, ಹೈವೇಯಲ್ಲಿ, ಎಲ್ಲಿ ಬೇಕಾದಲ್ಲಿ ಓಡಾಡಿದಳು. ವಾರದ ಕೊನೆಗೆ ಕೈ ಬಾತುಕೊಂಡಿತು. ಬೆರಳು ಮಡಿಸಲಾಗದಷ್ಟು. ಚಲನೆ ಗಿಡ್ಡವಾದಷ್ಟೂ ಗಟ್ಟಿಯಾಗುವ ಆ ದಂಡವನ್ನು ದಿನವಿಡೀ ಒತ್ತಿದ್ದಕ್ಕೆ ಗ್ರಂಥಿ ತೆಗೆದ ಆ ಕೈ ಲೆಕ್ಕ ಕೇಳಿತ್ತು. ಡಾಕ್ಟರು ಬೈದು, ಬಾವು ಇಳಿಯಲೆಂದು ತೋಳಿಗೆ ಬಿಗಿಯಾದ ಚೀಲವೊಂದನ್ನು ತೊಡಿಸಿ, ಗಾಡಿ ಮುಟ್ಟಬೇಡಿ ಎಂದು ಕಳಿಸಿದರು.

ನಾನು ನೋಡಲು ಹೋದಾಗ ಅವಳು ಕೈಯನ್ನು ದಿಂಬಿನ ಮೇಲೆ ಎತ್ತಿಟ್ಟುಕೊಂಡು ಕೂತಿದ್ದಳು. ಬಂದ ನೆಂಟರೊಬ್ಬರು, "ನಾವು ಮೊದಲ ಹೇಳಿದ್ವಿ" ಎಂದು ಶುರು ಮಾಡಿದರು. ಅತ್ತೆ ಅವರಿಗೆ ಚಹಾ ಕೊಡಿಸಿ ಕಳಿಸಿದಳು. ಆಮೇಲೆ ನನ್ನ ಕಡೆ ತಿರುಗಿದಳು.

"ನೀ ಬ್ಯಾಡ ಅಂದಿದ್ದಿ, ನಾ ಕೇಳಲಿಲ್ಲ. ಆರಿಸಿದ್ದು ತಪ್ಪಾತು ಅಜ್ಯಾ. ಆದ್ರ ಗಾಡಿ ಹೊಡೀಬೇಕು ಅನ್ನೂದು ತಪ್ಪಲ್ಲ. ಎರಡೂ ಬ್ಯಾರೆ ಬ್ಯಾರೆ. ಈ ಮಂದಿ ಎರಡನ್ನೂ ಒಂದ ಗಂಟಿನ್ಯಾಗ ಕಟ್ಟತಾರ."

ಬಾವು ಇಳಿಯುವತನಕ ಕಾದಳು. ಈ ಸಲ ಅವಸರ ಮಾಡಲಿಲ್ಲ. ಶೆಡ್ಡಿನಲ್ಲಿ ನೂಲಿನ ಗಂಟು ತೂಗುವ ಕೊಕ್ಕೆಯ ತಕ್ಕಡಿಯೊಂದಿತ್ತು; ಜಗ್ಗಿದಷ್ಟೂ ಸ್ಪ್ರಿಂಗು ಚಾಚಿ ಮುಳ್ಳು ಇಳಿಯುವಂಥದ್ದು. ಅದನ್ನು ಚೀಲದಲ್ಲಿ ಹಾಕಿಕೊಂಡು ಕೊಲ್ಹಾಪುರದ ಫಿಸಿಯೋಥೆರಪಿಯ ಡಾಕ್ಟರಮ್ಮನ ಬಳಿಗೆ ಹೋದಳು. "ನನ್ನ ಕೈ ಎಷ್ಟರ ತನಕಾ ಜಗ್ಗಬಹುದು, ಇದರ ಮ್ಯಾಲೆ ತೋರ್ಸ್ರಿ" ಎಂದಳು. ಆಕೆ ಮೊದಲು ನಕ್ಕಳಂತೆ. ಅತ್ತೆ ನಗದಿರುವುದನ್ನು ನೋಡಿ ಕುರ್ಚಿ ಹತ್ತಿರ ಎಳೆದುಕೊಂಡು, ಕೈಯನ್ನು ನಿಧಾನವಾಗಿ ಪರೀಕ್ಷಿಸಿ, ತಕ್ಕಡಿಯ ಮುಖದ ಮೇಲೆ ಪೆನ್ನಿನಿಂದ ಒಂದು ಗೆರೆ ಎಳೆದುಕೊಟ್ಟಳು. ಇದನ್ನು ದಾಟಬಾರದು.

ಅಲ್ಲಿಂದ ಮುಂದೆ ಎರಡು ತಿಂಗಳು ಆ ತಕ್ಕಡಿ ನಮ್ಮೊಂದಿಗೆ ತಿರುಗಿತು. ಸಲೀಂಭಾಯಿಯ ಗ್ಯಾರೇಜಿಗೆ ಅಂಥ ಶಿಫ್ಟರ್ ಹಾಕಿಸಿದ ಯಾವ ಕಾರು ಬಂದರೂ ಅವರು ಫೋನ್ ಮಾಡುವರು. ಅತ್ತೆ ಹೋಗಿ, ಮಾಲೀಕನನ್ನು ಒಪ್ಪಿಸಿ, ಗೇರಿನ ದಂಡದ ತುದಿಯ ಗುಬ್ಬಿಗೆ ಕೊಕ್ಕೆ ಸಿಕ್ಕಿಸಿ ಎಳೆದು ನೋಡುವಳು. ಮುಳ್ಳು ಗೆರೆ ದಾಟಿದರೆ, "ಇದು ಬ್ಯಾಡ." ಒಂದು ಚೆನ್ನಾಗಿತ್ತು, ಆದರೆ ಬುಡದಲ್ಲಿ ದಂಡವನ್ನು ಹಿಡಿದಿಡುವ ಬುಶ್ಶುಗಳು ಲೋಹದವು. ಎಂಜಿನ್ನಿನ ನಡುಕವೆಲ್ಲ ಅಂಗೈಗೆ ಬರುತ್ತಿತ್ತು.

"ಹುಡುಗೂರು ಇದನ್ನ ಇಷ್ಟಪಡ್ತಾರ್ರಿ ವಹಿನಿ. ಗಾಡಿ ಜೀವಂತ ಅನಸತೈತಿ ಅಂತಾರ," ಎಂದರು ಸಲೀಂಭಾಯಿ.

"ನನ್ನ ಕೈ ಜೀವಂತ ಇರಬೇಕು ಸಲೀಂಭಾಯಿ. ರಬ್ಬರ್ ಬುಶ್ಶಿಂದು ನೋಡ್ರಿ."

ಕೊನೆಗೆ ಆರಿಸಿದ್ದು ಯಾವ ಹುಡುಗನೂ ಮೆಚ್ಚಿ ಆರಿಸದಂಥದ್ದು. ಚಲನೆ ಮೊದಲಿನ ದಂಡಕ್ಕಿಂತ ಒಂದಿಷ್ಟೇ ಕಡಿಮೆ, ಬುಶ್ಶು ರಬ್ಬರಿನದು, ದಂಡದ ಎತ್ತರವನ್ನು ಏರಿಸಿ ಇಳಿಸಬಹುದು. ನಾವು ಅದನ್ನು ಏರಿಸಿದೆವು. ಏರಿಸಿದರೆ ಚಲನೆ ತುಸು ಹೆಚ್ಚುತ್ತದೆ, ಆದರೆ ಒತ್ತುವ ಜೋರು ಇಳಿಯುತ್ತದೆ. ಅವಳ ಸೀಟಿನ ಕಡೆಗೆ ಬಾಗಿದ ಒಂದು ತುಂಡನ್ನು ನನ್ನ ಲೇಥಿನ ಮೇಲೆ ತಿರುವಿ ಮೇಲೆ ಜೋಡಿಸಿದೆ. ಗುಬ್ಬಿ ಈಗ ಸ್ಟೇರಿಂಗಿನ ಪಕ್ಕಕ್ಕೇ ಬಂದು ನಿಂತಿತು. ನೋಡಲು ಹಳೇ ಲಾರಿಯ ಗೇರಿನಂತೆ. ಅತ್ತೆ ಕೊಕ್ಕೆ ಸಿಕ್ಕಿಸಿ ಒಂದೊಂದೇ ಗೇರಿಗೆ ಎಳೆದಳು. ರಿವರ್ಸಿನಲ್ಲಿ ಮಾತ್ರ ಮುಳ್ಳು ಗೆರೆಯ ಮೇಲೆ ಬಂದು ನಿಂತಿತು.

"ಹಿಂದ ಹೋಗೂದು ಕಮ್ಮಿ ಮಾಡ್ತೇನಿ," ಎಂದಳು.

ಒಂದು ಭಾನುವಾರ ಬೆಳಿಗ್ಗೆ ಗಡಹಿಂಗ್ಲಜದ ನಮ್ಮ ಮನೆಯ ಮುಂದೆ ಹಾರ್ನ್ ಕೇಳಿಸಿತು. ಹೊರಗೆ ಬಂದರೆ ಕೆಂಪು ಕಾರು, ಒಳಗೆ ಅತ್ತೆ ಒಬ್ಬಳೇ. ಕಾಗಲ, ನಿಪ್ಪಾಣಿ ದಾಟಿ ಇಚಲಕರಂಜಿಯಿಂದ ತಾನೇ ಬಂದಿದ್ದಳು. ನನ್ನ ತಂದೆ ಬಾಗಿಲಲ್ಲೇ ನಿಂತುಬಿಟ್ಟರು. ಆಪರೇಷನ್ನಿನ ನಂತರ ತಂಗಿ ಇನ್ನೊಬ್ಬರ ತೋಳು ಹಿಡಿದುಕೊಂಡು ಬರುವುದನ್ನಷ್ಟೇ ನೋಡಿದ್ದರು. ಅವಳು ಇಳಿದು, ತೋಳಿನ ಚೀಲ ಬಿಚ್ಚಿ, ಕೈಯನ್ನು ಅಣ್ಣನ ಮುಖದ ಮುಂದೆ ಹಿಡಿದಳು. "ನೋಡ್ ಅಣ್ಣಾ, ಬಾತೈತೇನು?" ಬಾತಿರಲಿಲ್ಲ. ತಂದೆ ಆ ಕೈಯನ್ನು ಎರಡೂ ಕೈಗಳಲ್ಲಿ ಹಿಡಿದು ಸ್ವಲ್ಪ ಹೊತ್ತು ಬಿಡಲೇ ಇಲ್ಲ.

ಊಟವಾದ ಮೇಲೆ ನನ್ನನ್ನು ಕೂರಿಸಿಕೊಂಡು ಆಜರಾ ದಾಟಿ ಅಂಬೋಲಿಯ ಘಾಟಿಗೆ ಹೊರಟಳು. ಮಳೆ ನಿಂತು ರಸ್ತೆ ತೊಳೆದಂತಿತ್ತು. ತಿರುವಿಗೆ ಮುಂಚೆ ಎರಡನೇ ಗೇರು, ತಿರುವು ಬಿಚ್ಚಿಕೊಳ್ಳುತ್ತಿದ್ದಂತೆ ಮೂರನೇದು. ಮೊಣಕೈ ಪಕ್ಕೆ ಬಿಟ್ಟು ದೂರ ಹೋಗುತ್ತಲೇ ಇರಲಿಲ್ಲ. ಘಾಟಿನ ಮೇಲೆ ನಿಲ್ಲಿಸಿ ಮೆಕ್ಕೆತೆನೆ ತಿನ್ನುವಾಗ, "ಆ ಹಡಿಬಿಟ್ಟಿ ರೋಗಕ್ಕ ಈಗರ ತಿಳಿದಿರಬೇಕು, ಯಾರ ಮನೀಗೆ ಬಂದಿತ್ತಂತ," ಎಂದು ಹೇಳಿ ಗಟ್ಟಿಯಾಗಿ ನಕ್ಕಳು.

ಮೂರು ವರ್ಷ ಹಾಗೆ ಓಡಾಡಿದಳು. ಮೇಲಿಂದ ಮೇಲೆ ಫಿಸಿಯೋಥೆರಪಿಯ ಡಾಕ್ಟರಮ್ಮ ಹೊಸದಾಗಿ ಆಪರೇಷನ್ ಆದ ಹೆಂಗಸರನ್ನು ಅವಳ ಬಳಿಗೆ ಕಳಿಸುತ್ತಿದ್ದಳು. ಅವರಲ್ಲಿ ಯಾರಿಗೂ ಸ್ಪೋರ್ಟ್ಸ್ ಕಾರು ಇರಲಿಲ್ಲ. ಒಬ್ಬಳಿಗೆ ರೊಟ್ಟಿ ಬಡಿಯುವುದು ಬೇಕಿತ್ತು, ಇನ್ನೊಬ್ಬಳಿಗೆ ಹೊಲಿಗೆ ಯಂತ್ರ. ಅತ್ತೆ ತಕ್ಕಡಿ ತೆಗೆದು ಅವರೊಂದಿಗೆ ಕೂರುವಳು. "ಬಿಡಬ್ಯಾಡ್ರಿ. ನಿಮ್ಮ ಕೈಗೆ ಹೊಂದೂದನ್ನ ಹುಡುಕ್ರಿ," ಎನ್ನುವಳು.

ಆಮೇಲೆ ರೋಗ ಎಲುಬಿಗೆ ಬಂತು. ಈ ಸಲ ಅದು ಅವಳಿಗೆ ಹೆಚ್ಚು ಸಮಯ ಕೊಡಲಿಲ್ಲ. ಆ ಮಳೆಗಾಲ ಮುಗಿಯುವ ಮುಂಚೆ ಅತ್ತೆ ಹೋದಳು. ನಾನು ಅವಳನ್ನು ಕೊನೆಯದಾಗಿ ಕಂಡದ್ದು ಕೊಲ್ಹಾಪುರದ ಆಸ್ಪತ್ರೆಯಿಂದ ಮನೆಗೆ ಕರೆದೊಯ್ದ ಮಧ್ಯಾಹ್ನ. ಅವಳು ಆಂಬುಲೆನ್ಸ್ ಬೇಡವೆಂದಳು, ಮಾವನ ಗಾಡಿಯೂ ಬೇಡವೆಂದಳು. ನಾನು ಕೆಂಪು ಕಾರನ್ನೇ ತಂದೆ. ಸಲೀಂಭಾಯಿಯೂ ನಾನೂ ಅವಳನ್ನು ಎತ್ತಿ ಎಡಗಡೆಯ ಸೀಟಿನಲ್ಲಿ, ದಿಂಬುಗಳ ನಡುವೆ ಕೂರಿಸಿದೆವು.

ಆಸ್ಪತ್ರೆಯ ಗೇಟು ದಾಟುವಾಗ ಎರಡನೇ ಗೇರು ಹಾಕಿದೆ. ಕಾರು ಜೋಲಿ ಹೊಡೆಯಿತು.

"ಕೈ ತಗಿ," ಎಂದಳು ಅತ್ತೆ.

"ಏನತ್ತಿ?"

"ಗೇರಿನ ಮ್ಯಾಲಿನ ಕೈ ತಗಿ. ಸಣ್ಣ ಗಾಡಿ, ಈ ಕಡೆ ಕುಂತ್ರೂ ನನ್ನ ಬಲಗೈ ಮುಟ್ಟತೈತಿ ನೋಡು. ಈ ಕೈಗೆ ಏನೂ ಆಗಿಲ್ಲ. ನೀ ಕ್ಲಚ್ ಒತ್ತು, ನಾ ಹಾಕ್ತೇನಿ."

ನಾನು ಕೈ ತೆಗೆದೆ. ಅವಳು ಬಲಗೈಯನ್ನು ಗುಬ್ಬಿಯ ಮೇಲಿಟ್ಟು ಕಣ್ಣು ಮುಚ್ಚಿದಳು. ಎಂಜಿನ್ನಿನ ದನಿ ಏರಿತು. "ಒತ್ತು," ಎಂದಳು. ಒತ್ತಿದೆ. ಗೇರು ಬೆಣ್ಣೆಯಲ್ಲಿ ಬೆರಳಿಟ್ಟಂತೆ ಸರಿಯಿತು. "ಬಿಡು. ಸಾವಕಾಶ ಬಿಡು." ಬಿಟ್ಟೆ. ಹೈವೇಗೆ ಬರುವಷ್ಟರಲ್ಲಿ ಅವಳು ಒತ್ತು ಎನ್ನುವುದನ್ನು ನಿಲ್ಲಿಸಿದ್ದಳು. ಅವಳ ಮಣಿಕಟ್ಟು ತುಸು ಬಿಗಿಯಾದರೆ ನನ್ನ ಕಾಲಿಗೆ ತಿಳಿಯುತ್ತಿತ್ತು. ಇಚಲಕರಂಜಿ ಬರುವತನಕ ಒಂದು ಗೇರೂ ಕರಕರ ಎನ್ನಲಿಲ್ಲ.

ಮನೆಯ ಮುಂದೆ ಮಾವ ಗೇಟು ತೆರೆದು ಕಾಯುತ್ತಿದ್ದರು. ನಾನು ಇಂಡಿಕೇಟರ್ ಹಾಕಿ ನಿಧಾನ ಮಾಡಿದೆ.

"ಇಷ್ಟ ಲಗೂನ ಬಂತೇನು?" ಎಂದಳು ಕಣ್ಣು ತೆರೆಯದೆ. "ಇನ್ನೊಂದ್ ಸುತ್ತು ಹೊಡಿ ಅಜ್ಯಾ."

ನಾನು ಮಾವನಿಗೆ ಕೈ ಬೀಸಿ ಕ್ಲಚ್ ಒತ್ತಿದೆ. ಅವಳು ಗೇರು ಹಾಕಿದಳು.