ಈ ಹೊತ್ತು ಈ ಮನೆ ನಂದು

ಅಟ್ಟದ ಮೇಲೆ ಪೈಪು ಸೋರುತ್ತಿದೆಯೆಂದು ಹೋದ ವಾರ ಸಾಮಾನೆಲ್ಲ ಕೆಳಗಿಳಿಸಿದಾಗ ಹಳೆಯದೊಂದು ಚಂದ್ರಿಕೆ ಸಿಕ್ಕಿತು. ರೇಷ್ಮೆಹುಳು ಗೂಡು ಕಟ್ಟಲೆಂದು ಸುರುಳಿ ಸುರುಳಿಯಾಗಿ ಹೆಣೆದ ಬಿದಿರಿನ ತಟ್ಟಿ ಅದು. ಸಂದಿಗಳಲ್ಲಿ ಇನ್ನೂ ಒಂದೆರಡು ಎಳೆ ಅಂಟಿಕೊಂಡಿದ್ದವು. ಮೂಗಿನ ಹತ್ತಿರ ಹಿಡಿದೆ. ಸುಣ್ಣ, ಒಣಗಿದ ಹಿಪ್ಪುನೇರಳೆ ಸೊಪ್ಪು, ಹುಳದ ಮನೆಯ ಆ ಬೆಚ್ಚನೆಯ ವಾಸನೆ… ಎದುರುಮನೆ ದೊಡ್ಡಮ್ಮ ಬಂದು ನಿಂತ ಹಾಗಾಯಿತು.

ಅದೇ ಸಂಜೆ ಮಗಳು ಶಾಲೆಯ ಕೆಲಸ ಹಿಡಿದು ಬಂದಳು. ‘ವಶಪಡಿಸಿಕೊಳ್ಳು’ ಎಂಬ ಕ್ರಿಯಾಪದದ ಅರ್ಥ ಬರೆದು ಸ್ವಂತ ವಾಕ್ಯದಲ್ಲಿ ಬಳಸಬೇಕಂತೆ. ಪೂರ್ತಿಯಾಗಿ ತನ್ನ ಹಿಡಿತಕ್ಕೆ ತೆಗೆದುಕೊಳ್ಳುವುದು ಎಂದು ಅರ್ಥ ಬರೆದಿದ್ದಳು. ವಾಕ್ಯ ಮಾತ್ರ ನಮ್ಮ ಕಾಲದ್ದೇ: ರಾಜನು ಕೋಟೆಯನ್ನು ವಶಪಡಿಸಿಕೊಂಡನು. ನಾನು ರಾಜರನ್ನು ನೋಡಿಲ್ಲ. ದೊಡ್ಡಮ್ಮನನ್ನು ನೋಡಿದ್ದೇನೆ.

ನಾನು ಚಿಕ್ಕವಳಿದ್ದಾಗ ಅಪ್ಪ ದೊಡ್ಡಬಳ್ಳಾಪುರಕ್ಕೆ ಮಗ್ಗದ ಕೆಲಸಕ್ಕೆ ಹೋಗುತ್ತಿದ್ದರು. ನಮ್ಮ ಮನೆಯ ಪಕ್ಕದ ಕೋಣೆಯಲ್ಲಿ ಸ್ವಂತದ್ದೊಂದು ಮಗ್ಗ ಹಾಕಬೇಕೆಂಬುದು ಅವರ ಆಸೆ. ಅದೇ ಕೋಣೆಯಲ್ಲಿ ಹುಳ ಸಾಕುತ್ತೇನೆಂದು ಅಮ್ಮನ ಹಟ. ಕೊನೆಗೆ ಅಪ್ಪ, ಒಂದು ಬೆಳೆ ನೋಡೋಣ, ಕೈಕೊಟ್ಟರೆ ಕೋಣೆ ಮಗ್ಗಕ್ಕೆ ಎಂದು ಒಪ್ಪಿದ್ದರು. ಅಮ್ಮ ಆ ಹುಳಗಳನ್ನು ಕೂಸುಗಳ ಹಾಗೆ ನೋಡಿಕೊಂಡಳು. ಹೊಸ್ತಿಲಿಗೆ ಸುಣ್ಣದ ಪುಡಿ ಹಾಕಿರುತ್ತಿದ್ದಳು. ಕೈಕಾಲು ತೊಳೆಯದೆ ಯಾರೂ ಒಳಗೆ ಕಾಲಿಡುವಂತಿರಲಿಲ್ಲ. ದೊಡ್ಡಮ್ಮನನ್ನಂತೂ ಹತ್ತಿರಕ್ಕೇ ಸೇರಿಸುತ್ತಿರಲಿಲ್ಲ. ಆಕೆಯ ದವಡೆಯಲ್ಲಿ ಸದಾ ಹೊಗೆಸೊಪ್ಪು; ಅದರ ಸೋಂಕು ತಗುಲಿದರೆ ಹುಳ ಉಳಿಯುವುದಿಲ್ಲ. “ನಿನ್ ಹುಳಕ್ಕೆ ನಾನೇನ್ ಯಮನಾ?” ಎಂದು ಆಕೆ ಬೀದಿಯಿಂದಲೇ ಅಣಕಿಸುವಳು. ಅಮ್ಮ ಸುಮ್ಮನೆ ಬಾಗಿಲು ಮುಂದಕ್ಕೆಳೆದುಕೊಳ್ಳುವಳು.

ಹುಳ ಹಣ್ಣಾಗಲು, ಎಂದರೆ ತಿನ್ನುವುದು ಬಿಟ್ಟು ಗೂಡಿಗೆ ಸಿದ್ಧವಾಗಲು, ಇನ್ನೆರಡು ದಿನವಿದೆ ಎನ್ನುವಾಗ ಅಮ್ಮನ ತವರು ಸೂಲಿಬೆಲೆಯಲ್ಲಿ ಅಜ್ಜಿ ಜಾರಿ ಬಿದ್ದರೆಂದು ಸುದ್ದಿ ಬಂತು. ಮರುದಿನ ಸಂಜೆಗೆ ಬಂದುಬಿಡುತ್ತೇನೆಂದು ಅಮ್ಮ ಹೊರಟಳು. ಮಾರನೆಯ ಬೆಳಿಗ್ಗೆ ಅಪ್ಪ ನೋಡಿದರೆ ಹುಳ ಸೊಪ್ಪು ಮುಟ್ಟುತ್ತಿಲ್ಲ. ಮೈ ಹಳದಿಗೆ ತಿರುಗಿ, ತಲೆಯೆತ್ತಿ ಆಡಿಸುತ್ತಿವೆ. ನೂಲಾದ ಮೇಲಿನ ರೇಷ್ಮೆಯಷ್ಟೇ ಗೊತ್ತಿದ್ದ ಅಪ್ಪ, ಹಾಕಿದ್ದ ಸೊಪ್ಪು ಬಾಡಿರಬೇಕು ಎಂದುಕೊಂಡು ಇನ್ನಷ್ಟು ಸೊಪ್ಪು ಸುರಿದರು. ಹುಳವೆಲ್ಲ ಅದರಡಿ ಮುಚ್ಚಿಹೋದವು. ಹಣ್ಣಾದ ಹುಳಕ್ಕೆ ಜಾಗ ಸಿಗದಿದ್ದರೆ ಕಸದಲ್ಲೇ ಎಳೆ ಬಿಡುತ್ತದೆ. ಆ ಗೂಡು ಯಾರಿಗೂ ಬೇಡ. ನನಗೆ ಅಷ್ಟು ಗೊತ್ತಿತ್ತು. ಒಂದು ಕಾಲಕ್ಕೆ ದೊಡ್ಡಮ್ಮನೂ ಹುಳ ಸಾಕಿದವಳೇ. ಓಡಿಹೋಗಿ ಜಗಲಿಯ ಮೇಲಿದ್ದ ಆಕೆಗೆ ಹೇಳಿದೆ.

ಆಕೆ ನಮ್ಮ ಮನೆಗೆ ಬರಲಿಲ್ಲ. ಮೊದಲು ತನ್ನ ಹಿತ್ತಲಿಗೆ ಹೋದಳು. ಬಾಯಲ್ಲಿದ್ದದ್ದನ್ನು ಉಗಿದು, ಬೂದಿಯಲ್ಲಿ ಹಲ್ಲು ತಿಕ್ಕಿ, ತಲೆಗೆ ನೀರು ಹಾಕಿಕೊಂಡು, ಒಗೆದ ಸೀರೆ ಉಟ್ಟು ಬಂದಳು. ಸೊಂಟದಲ್ಲಿ ಎಲೆಅಡಿಕೆ ಚೀಲ ಇರಲಿಲ್ಲ. ಸುಣ್ಣ ತುಳಿದು ಒಳಬಂದವಳೇ ಅಪ್ಪನ ಕೈಯಿಂದ ಬುಟ್ಟಿ ಕಿತ್ತುಕೊಂಡಳು.

“ಉಂಡು ಕೈ ತೊಳ್ಕೊಂಡೋರಿಗೆ ಮತ್ತೆ ಬಡಿಸ್ತಿದ್ದೀಯಲ್ಲಪ್ಪಾ, ಈಚೆ ಬಾ. ಈ ಹೊತ್ತು ಈ ಮನೆ ನಂದು.”

ಅಮ್ಮ ಬಾಡಿಗೆಗೆ ಹೇಳಿದ್ದ ಚಂದ್ರಿಕೆಗಳು ಬರಬೇಕಿದ್ದದ್ದು ಮರುದಿನ. ಹುಳ ಹಣ್ಣಾದ ಮನೆಯವರು ಕೇಳಿದರೆ ಇಲ್ಲವೆನ್ನಬಾರದೆಂಬುದು ನಮ್ಮೂರಿನ ರೂಢಿ. ದೊಡ್ಡಮ್ಮ ಅಪ್ಪನನ್ನು ಮನೆಮನೆಗೆ ಅಟ್ಟಿದಳು. ತಂದದ್ದನ್ನೆಲ್ಲ ಸೋಂಕು ಹೋಗಲೆಂದು ಹುಲ್ಲಿನ ಬೆಂಕಿಯ ಮೇಲೆ ಆಡಿಸಿ ಕೊಡಲು ತನ್ನ ಸೊಸೆಯನ್ನು ಕೂರಿಸಿದಳು. ಹುಳ ಆಯಲು ಬಂದ ಹೆಂಗಸರಲ್ಲಿ ಒಬ್ಬಳ ಮುಡಿಯಲ್ಲಿ ಹೂವಿತ್ತು; ಆ ವಾಸನೆಯೂ ಹುಳಕ್ಕೆ ಆಗದು. ದೊಡ್ಡಮ್ಮ ಬೆರಳು ತೋರಿಸಿದಳು, ಅಷ್ಟೆ. ಹೂವು ಬೇಲಿಯ ಮೇಲೆ ಹೋಯಿತು. ಒಂದು ಸಲವೂ ದನಿ ಏರಿಸಲಿಲ್ಲ. ಅಪ್ಪನೂ ಆಕೆಯ ಕಣ್ಣು ನೋಡಿಕೊಂಡೇ ನಡೆದಾಡುತ್ತಿದ್ದರು.

ಮಧ್ಯಾಹ್ನದ ಹೊತ್ತಿಗೆ ಆಕೆಯ ಕೈ ಮತ್ತೆ ಮತ್ತೆ ಚೀಲವಿಲ್ಲದ ಸೊಂಟಕ್ಕೆ ಹೋಗುತ್ತಿತ್ತು. ಖಾಲಿ ದವಡೆ ಏನನ್ನೋ ಅಗಿಯುತ್ತಲೇ ಇತ್ತು… ಹೊರಗೆ ಹೋಗಿ ಒಂದು ಎಳೆ ಹೊಗೆಸೊಪ್ಪು ಹಾಕಿಕೊಂಡು ಬಾ ಅಂತ ಸೊಸೆ ಕಿಟಕಿಯಿಂದ ಹೇಳಿದಳು.

“ನನ್ ಬಾಯಿ ಎಲ್ಲೂ ಓಡೋಗಲ್ಲ. ನೀನು ಬೆಂಕಿ ನೋಡು.”

ಸಂಜೆ ಅಮ್ಮ ಬಸ್ಸಿಳಿದು ಬಂದಾಗ ಅಂಗಳದ ತುಂಬ ಚಂದ್ರಿಕೆಗಳು ಸಾಲಾಗಿ ಒರಗಿದ್ದವು. ಸುರುಳಿ ಸುರುಳಿಗೂ ಹುಳ, ಹುಳದ ಸುತ್ತ ತೆಳ್ಳಗೆ ಮಿನುಗುವ ಎಳೆ. ಅಮ್ಮ ಒಂದೊಂದನ್ನೂ ಬಗ್ಗಿ ನೋಡುತ್ತ ಬಂದಳು. ದೊಡ್ಡಮ್ಮ ಹೊಸ್ತಿಲು ದಾಟಿ ಈಚೆ ಬಂದಳು.

“ಎಲ್ಲಾ ಹತ್ಕೊಂಡವೆ. ತಗೋ ನಿನ್ ಮನೆ.”

ಕಾಫಿಗೂ ನಿಲ್ಲದೆ ಬೀದಿ ದಾಟಿ, ಜಗಲಿಯ ಮೇಲೆ ಕೂತು ಚೀಲ ಬಿಚ್ಚಿದಳು. ಅಮ್ಮನೇ ಲೋಟ ಹಿಡಿದು ಅಲ್ಲಿಗೆ ಹೋದಳು. ಕೋಣೆಗೆ ಮಗ್ಗ ಬರಲೇ ಇಲ್ಲ. ಆಮೇಲಿನ ಬೆಳೆಗಳಿಗೆಲ್ಲ ಅಮ್ಮ ಆಕೆಯನ್ನು ಒಳಗೆ ಕರೆಯುತ್ತಿದ್ದಳು. ಆಕೆ ಬಂದದ್ದು ಅಂಗಳದವರೆಗೆ ಮಾತ್ರ. ಒಳಗಿನ ಕಾರುಬಾರು ನಿಂದು ಎಂದು ಹೇಳಿ ಹೋಗುತ್ತಿದ್ದಳು.

ಇದನ್ನೆಲ್ಲ ಕೇಳಿದ ಮಗಳು, “ಸಂಜೆಗೆ ವಾಪಸ್ ಕೊಟ್ಬಿಟ್ರಲ್ಲಮ್ಮಾ, ಅದು ವಶಪಡಿಸಿಕೊಂಡ ಹಾಗಾ?” ಅಂದಳು. ಹೋಗಿ ಕೇಳೋಣವೆಂದರೆ ಈಗ ಅಮ್ಮನೂ ಇಲ್ಲ, ದೊಡ್ಡಮ್ಮನೂ ಇಲ್ಲ. ಎದುರಿನ ಜಗಲಿ ಒಡೆದು ಅಂಗಡಿ ಮಾಡಿ ಶಟರ್ ಹಾಕಿ ಎಷ್ಟೋ ವರ್ಷವಾಯಿತು. ಹಿಪ್ಪುನೇರಳೆ ತೋಟವಿದ್ದ ಕಡೆ ಸೈಟಿನ ಕಲ್ಲು ನೆಟ್ಟಿದ್ದಾರೆ.

ಮಗಳು ರಾಜನನ್ನು ಹೊಡೆದುಹಾಕಿ, ಎದುರುಮನೆ ಅಜ್ಜಿ ಒಂದು ದಿನ ನಮ್ಮ ಮನೆಯನ್ನು ವಶಪಡಿಸಿಕೊಂಡರು ಎಂದು ಬರೆದಳು. ನಾನು ಚಂದ್ರಿಕೆಯನ್ನು ಅಟ್ಟಕ್ಕೆ ಹಾಕಲಿಲ್ಲ. ಒರೆಸಿ, ಅಂಗಳದಲ್ಲಿ ಬೀದಿಗೆ ಮುಖ ಮಾಡಿ ಒರಗಿಸಿಟ್ಟೆ.