ಪಾರ್ವತಿ ಅತ್ತೆಯ ಗಂಟಲು, ನನ್ನ ಎಂಎಸ್ಸಿ

ಎಂಎಸ್ಸಿಯಲ್ಲಿ ನಾನು ಓದಿದ್ದು ರೋಗನಿರೋಧಕ ಕೋಶಗಳೊಳಗಿನ ಅಡಾಪ್ಟರ್ ಪ್ರೋಟೀನುಗಳ ಬಗ್ಗೆ. ಈಗ ತಾಂಡೂರಿನ ಒಂದು ಲ್ಯಾಬಿನಲ್ಲಿ ಮೂತ್ರದ ಬಾಟಲಿಗಳಿಗೆ ಚೀಟಿ ಅಂಟಿಸುತ್ತೇನೆ. ನೆಟ್ಟಗೆ ಅಂಟಿಸುವವನೆಂದು ಹೆಸರಿದೆ. ಆ ಪ್ರೋಟೀನು ಏನು ಮಾಡುತ್ತದೆ ಎಂದು ಯಾರಾದರೂ ಕೇಳಿದರೆ (ಇದುವರೆಗೆ ಯಾರೂ ಕೇಳಿಲ್ಲ) ನೆಲಕ್ಕೆ ಹಾಸುವ ಪರಸಿ ಕಲ್ಲು ಕೊಯ್ಯುವ ನಮ್ಮ ಯಾರ್ಡಿಗೆ ಕರೆದೊಯ್ದು ಪಾರ್ವತಿ ಅತ್ತೆಯನ್ನು ತೋರಿಸುತ್ತೇನೆ.

ಪಾರ್ವತಿಬಾಯಿ ನಮ್ಮಪ್ಪ ಬಂಡೆಪ್ಪನಿಗೂ ಕಾಕಾ ಸಂಗುವಿಗೂ ಅಕ್ಕ. ಮನೂರಿಗೆ ಕೊಟ್ಟಿದ್ದರು; ಗಂಡ ತೀರಿದ ಮೇಲೆ ತವರಿಗೆ ಬಂದಳು. ಅದೇ ವರ್ಷ ತಮ್ಮಂದಿರು, ಕಲ್ಲು ಕೊಯ್ಯುವ ಮಷಿನ್ ಯಾವ ದಿಕ್ಕಿಗೆ ಮುಖ ಮಾಡಿರಬೇಕು ಎಂಬ ಮಹಾಪ್ರಶ್ನೆಯ ಮೇಲೆ ಮಾತು ಬಿಟ್ಟರು. ನಮ್ಮ ಕಡೆ ಮಾತು ಬಿಡುವುದೆಂದರೆ ಸುಮ್ಮನಿರುವುದಲ್ಲ. ಎದುರಿಗಿದ್ದವನಿಗೆ ಹೇಳಬೇಕಾದ್ದನ್ನು ನಡುವೆ ಕುಳಿತವರಿಗೆ ಹೇಳುವುದು. ನಡುವೆ ಅತ್ತೆಯ ಹೊರಸು, ಅಂದರೆ ಹಗ್ಗದ ಮಂಚ, ಬಿತ್ತು.

“ಅಕ್ಕಾ, ಆ ಕತ್ತಿಗೆ ಹೇಳು, ಬ್ಲೇಡ್ ಬದಲಿ ಮಾಡು ಅಂತ,” ಎನ್ನುತ್ತಾನೆ ಅಪ್ಪ, ತಮ್ಮನನ್ನು ಕತ್ತೆ ಮಾಡಿ.

ಪಕ್ಕದಲ್ಲೇ ನಿಂತ ಕಾಕಾನಿಗೆ ಎಲ್ಲ ಕೇಳಿಸಿರುತ್ತದೆ. ಆದರೂ ಅಲುಗುವುದಿಲ್ಲ.

“ಸಂಗ್ಯಾ, ಬ್ಲೇಡ್ ಸವದದ ನೋಡಪಾ,” ಎಂದು ಅತ್ತೆ ಹೇಳಬೇಕು. ಆಗ ಅಲುಗುತ್ತಾನೆ.

“ಅಕ್ಕಾ, ಆ ದೊಡ್ಡ ಸಾಹೇಬಗ ಹೇಳು, ಅವನ ಹೊಟ್ಟಿ ಅಡ್ಡ ಬರದಿದ್ರ ತಾನೇ ಮಾಡ್ಕೊಳ್ಳಲಿ ಅಂತ.”

“ಬಂಡ್ಯಾ, ಮಾಡ್ತಾನಂತ.”

ಕತ್ತೆ, ಹೊಟ್ಟೆ ಎರಡೂ ಅತ್ತೆಯಲ್ಲೇ ಉಳಿದವು.

ರೋಗದ ವಿರುದ್ಧ ಕಾದಾಡುವ ಟಿ ಕೋಶದೊಳಗೂ ಇದೇ ಸಂಸಾರ. ಹೊರಮೈಯ ಗ್ರಾಹಕಕ್ಕೆ (ರಿಸೆಪ್ಟರ್) ರೋಗಾಣುವಿನ ತುಣುಕು ತಗುಲುತ್ತದೆ, ಸುದ್ದಿ ಒಳಗೆ ಹೋಗಬೇಕು; ಗ್ರಾಹಕದ ಕೈ ಅಷ್ಟು ಉದ್ದ ಇಲ್ಲ. ಪೊರೆಯ ಒಳಬದಿಗೆ ಒಂದು ಅಡಾಪ್ಟರ್ ಕುಳಿತಿರುತ್ತದೆ. ಅದು ಸ್ವತಃ ಏನನ್ನೂ ಕತ್ತರಿಸುವುದಿಲ್ಲ, ಕಟ್ಟುವುದಿಲ್ಲ. ಅಕ್ಕಪಕ್ಕದ ಕಿಣ್ವಗಳು ಅದರ ಮೈಗೆ ಫಾಸ್ಫೇಟ್ ಅಂಟಿಸಿದರೆ, ಆ ಗುರುತು ಹಿಡಿದು ಬೇರೆ ಪ್ರೋಟೀನುಗಳು ಬಂದು ತಗುಲಿಕೊಳ್ಳುತ್ತವೆ, ಕೆಲಸ ಶುರುವಾಗುತ್ತದೆ. ಇನ್ನು ಕೆಲವು ಅಡಾಪ್ಟರುಗಳು ಬ್ರೇಕ್ ಹಾಕುವವರನ್ನು ಎಳೆದು ತರುತ್ತವೆ. ಅವಿಲ್ಲದಿದ್ದರೆ ಕೋಶ ರೋಗಾಣು ಬಿಟ್ಟು ನಮ್ಮ ಮೈಯನ್ನೇ ಹೊಡೆದೀತು.

“ಅತ್ತಿ, ನೀ ಒಂದು ಅಡಾಪ್ಟರ್ ಪ್ರೋಟೀನು,” ಎಂದೆ ಒಮ್ಮೆ.

“ಬೈಲಾಕತ್ತೀ ಏನೋ?”

“ಇಲ್ಲ. ಅದು ತಾನಾಗಿ ಏನೂ ಮಾಡೂದಿಲ್ಲ, ಆದ್ರ ಅದಿಲ್ಲದ ಏನೂ ನಡಿಯೂದಿಲ್ಲ.”

“ನೀನೂ ಏನೂ ಮಾಡೂದಿಲ್ಲ. ನೀ ಇಲ್ಲದ ಎಲ್ಲಾ ನಡೀತದ. ನಿನಗೇನಂತಾರ?”

“ಎಂಎಸ್ಸಿ ಅಂತಾರ.”

ಈ ಚಳಿಗಾಲದಲ್ಲಿ ಅತ್ತೆಯ ದನಿ ಒಡೆಯಿತು. ಮಷಿನಿನ ಸದ್ದಿನ ಮೇಲೆ ವರ್ಷಾನುಗಟ್ಟಲೆ ಕೂಗಿದ್ದಕ್ಕೆ ಗಂಟಲೊಳಗೆ ಗಂಟುಗಳಾಗಿದ್ದವು. ಜಹೀರಾಬಾದಿನ ಡಾಕ್ಟರು, ಮುಂದಿನ ತಪಾಸಣೆಯವರೆಗೆ ಪಿಸುಮಾತೂ ಬೇಡ, ಮಾತಾಡಿದರೆ ದನಿ ಪೂರ್ತಿ ಹೋಗಬಹುದು ಎಂದರು. ಅತ್ತೆ ಬಸ್ ಸ್ಟ್ಯಾಂಡಿನಲ್ಲಿ ಬಾಯಿಗೆ ಸೆರಗು ಒತ್ತಿಕೊಂಡು ಸದ್ದಿಲ್ಲದೆ ಅತ್ತಳು. ನಾನು ಕಡಲೆಕಾಯಿ ಕೊಡಿಸಿದೆ. ಸಂತೈಸುವುದರಲ್ಲಿ ನನ್ನ ವಿದ್ಯೆ ಅಷ್ಟೇ.

ಹೊರಸಿನ ಕೆಲಸ ನಾನು ಮಾಡುತ್ತೇನೆಂದು ರಜೆ ಹಾಕಿ ಕುಳಿತೆ. ಈ ವಿಷಯದಲ್ಲಿ ಪದವಿ ಪಡೆದವನು ತಾಂಡೂರಿನಲ್ಲಿ ನಾನೊಬ್ಬನೇ ತಾನೆ? ಲ್ಯಾಬಿನವನು, ಬಂದದ್ದನ್ನು ಬಂದಂತೆ ಒಪ್ಪಿಸುವುದು ಕಸುಬು.

“ಕಾಕಾ, ಅಪ್ಪ ನಿಮಗ ಕತ್ತಿ ಅಂದಾನ್ರಿ. ಕಲ್ಲು ಸೊಟ್ಟ ಕೊಯ್ದೀರಂತ.”

“ಹೌದಾ? ನಿಮ್ಮಪ್ಪನ ಮಾರಿಗಿಂತ ನೆಟ್ಟಗದ ಅಂತ ಹೇಳು.”

ಹೇಳಿದೆ. ಚಾ ಬರುವ ಹೊತ್ತಿಗೆ ಕಾಕಾನ ಕೈಯಲ್ಲಿ ಹಾರೆ ಇತ್ತು, ಅಪ್ಪನ ಕೈಯಲ್ಲಿ ಒಡೆದ ಪರಸಿ. ನಾನು ನಡುವೆ, ಇಬ್ಬರಿಗೂ ಹತ್ತಿರವಾಗಿ, ಬ್ರೇಕ್ ಇಲ್ಲದೆ.

ಒಳಗಿಂದ ಅತ್ತೆ ಓಡಿಬಂದಳು. ಎರಡೂ ಕೈ ಎತ್ತಿ, ಎದೆ ತುಂಬ ಉಸಿರೆಳೆದು, ಬಾಯಿ ತೆರೆದಳು.

“ಸಂಗ್ಯಾ, ಆಕಿ ಬಾಯಿ ಮುಚ್ಚಸೋ!” ಅಪ್ಪ ಚೀರಿದ.

“ಅಣ್ಣಾ, ಮದ್ಲ ನೀ ಕಲ್ಲ ಕೆಳಗಿಡು! ಆಕಿ ಮುಚ್ಚತಾಳ!”

ಅಪ್ಪ ಕಲ್ಲಿಟ್ಟ. ಅತ್ತೆ ಬಾಯಿ ಮುಚ್ಚಿದಳು. ನೇರವಾಗಿ ಮಾತಾಡಿಬಿಟ್ಟೆವೆಂದು ಆಮೇಲೆ ಹೊಳೆದು ಇಬ್ಬರೂ ಕಳ್ಳರಂತೆ ಬೇರೆ ಬೇರೆ ಕಡೆ ನೋಡಿದರು. ಆವತ್ತಿನಿಂದ ಮಾತು ನೇರವಾಗಿಯೇ ನಡೆಯಿತು: “ಬ್ಲೇಡ್.” “ಹೂಂ.” ಕೋಶದಲ್ಲಾದರೆ ಹೀಗಾಗುವುದಿಲ್ಲ. ಆ ಅಡಾಪ್ಟರ್ ಇಲ್ಲದಿದ್ದರೆ ಗ್ರಾಹಕ ಎಷ್ಟೇ ಬಡಿದುಕೊಂಡರೂ ಸುದ್ದಿ ಮುಂದೆ ಸಾಗುವುದಿಲ್ಲ. ಪ್ರೋಟೀನುಗಳಿಗೆ ಅಕ್ಕನ ದನಿ ಹೋದೀತೆಂಬ ಭಯ ಇಲ್ಲವಲ್ಲ.

ತಪಾಸಣೆಯ ದಿನ ಡಾಕ್ಟರು, ಗಂಟು ಕರಗಿವೆ, ಮೆಲ್ಲಗೆ ಮಾತಾಡಬಹುದು ಎಂದರು. ಬಸ್ಸಿನಲ್ಲಿ ಅತ್ತೆ ಪಕ್ಕದ ಹೆಂಗಸಿಗೆ ತನ್ನ ಜೀವನಚರಿತ್ರೆ ಹೇಳಿ, ಅವಳದನ್ನೂ ಹೇಳಿಸಿಕೊಂಡಳು. ಯಾರ್ಡಿನ ಗೇಟಿಗೆ ಬಂದದ್ದೇ ತುಟಿ ಬಿಗಿದಳು.

“ಯಾಕತ್ತಿ? ಮಾತಾಡ್ಬಹುದು ಅಂದಾರಲ್ಲ?”

ನನ್ನ ಕಿವಿ ಹಿಡಿದು ಹತ್ತಿರಕ್ಕೆ ಎಳೆದುಕೊಂಡಳು. “ನಾ ಬಾಯಿ ತೆಗದ್ನಂದ್ರ ಇಬ್ಬರೂ ಮತ್ತ ಬಂದು ನನ್ನ ಮುಂದ ಕುಂದರತಾರ. ಹೋಗಿ ಹೇಳು, ದನಿ ಬರಾಕ ಇನ್ನೊಂದು ವರ್ಷ ಬೇಕಂತ.”

ಹೋಗಿ ಹೇಳಿದೆ. ಅಪ್ಪ ತಲೆ ಮೇಲೆ ಕೈಯಿಟ್ಟು ತಮ್ಮನ ಕಡೆ ತಿರುಗಿದ.

“ವರ್ಷ ಅಂತಪಾ. ಕೇಳಿದೇನು?”

“ಕೇಳಿದ್ನಿ,” ಎಂದ ಕಾಕಾ. “ಆ ಕಲ್ಲಿಗೆ ಒಂದು ಕೈ ಹಚ್ಚು ಬಾ.”