ಏನೂ ಗೊತ್ತಿಲ್ಲದ ಮಾಸ್ತರರು

ಹೈದರಾಬಾದಿನ ಮಿಯಾಪುರದಲ್ಲಿ ತರಕಾರಿ ಗಾಡಿಯ ಮುಂದೆ ನಿಂತು, ಬದನೆಕಾಯಿಯೊಂದನ್ನು ಎತ್ತಿ ಹಿಡಿದು, ಇದೇನು, ಇದನ್ನು ಹೇಗೆ ತಿನ್ನುತ್ತಾರೆ ಎಂದು ತೆಲುಗಿನಲ್ಲಿ ಕೇಳುತ್ತಿದ್ದವರು ಶಿವಲಿಂಗಪ್ಪ ಮಾಸ್ತರರು. ಬೀದರ ಕಡೆಯವರು, ಬದನೆಕಾಯಿ ತಿಂದೇ ಬೆಳೆದವರು. ಗಾಡಿಯವಳು ಹತ್ತು ನಿಮಿಷ ಪಾಠ ಹೇಳುತ್ತಿದ್ದಳು. ಹಿಂದೆ ನಿಂತು ಕಾಯುತ್ತಿದ್ದ ನನಗೆ ಸಿಟ್ಟು ಬರುತ್ತಿತ್ತು. ರಕ್ಷಣಾ ಇಲಾಖೆಯ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಸೈರನ್ನಿಗೆ ಸರಿಯಾಗಿ ದುಡಿದವನು ನಾನು. ಐದಕ್ಕೆ ಏಳುವುದು, ಸಂಜೆ ಏಳೂವರೆಗೆ ಊಟ.

ಮಾಸ್ತರರು ಆರು ವರ್ಷ ತುರ್ಕಿಯ ಒಂದು ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಕಲಿಸಿ ಬಂದು ನಮ್ಮ ಎದುರಿನ ಫ್ಲ್ಯಾಟಿನಲ್ಲಿದ್ದರು. ಹೈಟೆಕ್ ಸಿಟಿಯಲ್ಲಿ ಗಾಜಿನ ಕಟ್ಟಡಗಳು ಏಳುತ್ತಿದ್ದ ಕಾಲ. ನನ್ನ ಮಗಳು ಸುಧಾ ಇಂಜಿನಿಯರಿಂಗಿನಲ್ಲಿ ಮೊದಲ ದರ್ಜೆ. ಆದರೆ ಇಂಟರ್‌ವ್ಯೂನಲ್ಲಿ ಇಂಗ್ಲಿಷ್ ಬಾಯಿಗೆ ಬಾರದೆ ಎರಡು ಸಲ ಬರಿಗೈಯಲ್ಲಿ ಬಂದಿದ್ದಳು. ಮೂರು ಸಲ, ಆಮೇಲೆ ಮದುವೆ ಎಂದು ನಾನು ನಿಯಮ ಮಾಡಿದ್ದೆ. ಬಿಜಾಪುರದ ಹುಡುಗನ ಮನೆಯವರಿಗೂ ಹಾಗೆಯೇ ತಿಳಿಸಿಯಾಗಿತ್ತು.

ಅವಳಿಗೆ ಇಂಗ್ಲಿಷ್ ಕಲಿಸಿರೆಂದು ಮಾಸ್ತರರನ್ನು ಕೇಳಿಕೊಂಡು, ಪಾಠದ ವೇಳಾಪಟ್ಟಿಯೊಂದನ್ನು ಬರೆದು ಕೊಟ್ಟೆ. ಅವರು ಅದನ್ನು ಮಡಚಿ ಜೇಬಿಗಿಟ್ಟು ನೇರ ನಮ್ಮ ಅಡುಗೆಮನೆಗೆ ಹೋದರು.

"ಸುಧಾ, ನನಗ ರೊಟ್ಟಿ ಬಡಿಯೂದು ಕಲಿಸವ್ವ. ಇಂಗ್ಲಿಷಿನ್ಯಾಗ ಅಷ್ಟ ಹೇಳಬೇಕು. ನೀ ಹೇಳಿದ್ದಷ್ಟ ನಾ ಮಾಡಾಂವ."

ಅವಳು ಅಂಜುತ್ತ "ಪೋರ್ ವಾಟರ್" ಎಂದಳು. ಅವರು ಇಡೀ ತಂಬಿಗೆಯನ್ನು ಹಿಟ್ಟಿನ ಮೇಲೆ ಬೋರಲು ಹಾಕಿದರು. ಜೋಳದ ಹಿಟ್ಟು ಕಟ್ಟೆಯಿಂದಿಳಿದು ನೆಲಕ್ಕೆ ಹರಿಯಿತು.

"ಅಯ್ಯ, ಇದೇನ್ ಮಾಡಿದ್ರಿ ಸರ್!"

"ಇಂಗ್ಲಿಷಿನ್ಯಾಗ ಬೈಯವ್ವ."

ಬೈದಳು. ವಾರದೊಳಗೆ ಧಾರಾಳವಾಗಿ ಬೈಯತೊಡಗಿದಳು. ನನ್ನ ಊಟ ಒಂಬತ್ತಕ್ಕೆ ಹೋಯಿತು.

"ಇದೆಂಥಾ ಕಲಿಸೂದ್ರಿ ಮಾಸ್ತರ?" ಎಂದು ಕೇಳಿಯೇಬಿಟ್ಟೆ.

"ತುರ್ಕಿಯೊಳಗ ಕಲಿತದ್ದರಿ ದೇಸಾಯರ," ಎಂದರು. "ನಮ್ಮ ವರ್ಗದಾಗ ಒಬ್ಬ ಹುಡುಗ ವರ್ಷಪೂರ್ತಿ ಬಾಯಿ ಬಿಟ್ಟಿರಲಿಲ್ಲ. ಒಂದಿನ ಮನಿಗೆ ಕರದ. ಸಣ್ಣ ಗಾಜಿನ ಲೋಟದಾಗ ಅವರವ್ವ ಚಹಾ ಹಾಕಿದ್ಲು. ಕುಡಿದೆ. ಮತ್ತ ಹಾಕಿದ್ಲು. ಬ್ಯಾಡ ಅನ್ನೂದು ಮರ್ಯಾದಿ ಅಲ್ಲಂತ ಕುಡದ ಕುಡದೆ. ಹನ್ನೊಂದನೇದಕ್ಕ ಆ ಹುಡುಗ ತಡೀಲಾರದ ಇಂಗ್ಲಿಷಿನ್ಯಾಗ ಒದರಿದ. ಸಾಕಾದ್ರ ಚಮಚಾ ಲೋಟದ ಮ್ಯಾಲೆ ಅಡ್ಡ ಇಡ್ರಿ ಸರ್, ಇಲ್ಲಂದ್ರ ನಮ್ಮವ್ವ ನಿಲ್ಲಸಾಂಗಿಲ್ಲ ಅಂದ! ಅವತ್ತ ತಿಳೀತ್ರಿ. ಮಾಸ್ತರ ಶಾಣ್ಯಾ ಆದ್ರ ಹುಡುಗ್ರು ಸುಮ್ಮ ಕೂಡ್ತಾರ, ದಡ್ಡ ಆದ್ರ ಮಾತಾಡ್ತಾರ. ಮುಂದ ಸಂತಿ, ಹಮಾಮು ಅನ್ನೂ ಸ್ನಾನದ ಮನಿ, ಹಳ್ಳಿ ಮದುವಿ, ಎಲ್ಲಾ ಕಡೆ ಅವರ ಬೆನ್ನ ಹತ್ತಿ ಅದೇನು ಇದೇನು ಅಂತ ಕೇಳಕೋತ ತಿರಗಿದೆ."

ಮೂರನೆಯ ಇಂಟರ್‌ವ್ಯೂಗೆ ನಾಲ್ಕು ದಿನ ಇರುವಾಗ ಮಾಸ್ತರರಿಗೆ ತುರ್ಕಿಯಿಂದ ಮತ್ತೆ ಕರೆ ಬಂತು. ಹೊರಟ ದಿನ ಲಿಫ್ಟಿನ ಬಾಗಿಲಲ್ಲಿ ನಾನು, "ಪಾಸಾಗ್ತಾಳೇನ್ರಿ?" ಎಂದೆ.

"ಅದು ನನಗ ಖರೇನ ಗೊತ್ತಿಲ್ರಿ," ಎಂದರು. ಬಾಗಿಲು ಮುಚ್ಚಿತು.

ಸುಧಾ ಮೂರನೆಯ ಸಲವೂ ಆಯ್ಕೆಯಾಗಲಿಲ್ಲ. ಆ ಸಂಜೆ ನಾನು ಬಿಜಾಪುರದ ನಂಬರು ಒತ್ತಿದೆ. ಅವಳು ಬಂದು ಎದುರಿಗೆ ನಿಂತಳು. ಮೂರೇ ಸಲ ಎಂಬ ಲೆಕ್ಕ ಯಾರು ಮಾಡಿದ್ದು, ನನ್ನನ್ನು ಯಾಕೆ ಕೇಳಲಿಲ್ಲ, ಈ ಸಲ ಕೊನೆಯ ಸುತ್ತಿನವರೆಗೂ ಹೋಗಿದ್ದೇನೆ, ನಾಲ್ಕನೆಯದು ನನಗೆ ಬೇಕೇ ಬೇಕು ಎಂದು ಒಂದೇ ಉಸಿರಿನಲ್ಲಿ, ಪೂರ್ತಿ ಇಂಗ್ಲಿಷಿನಲ್ಲಿ ಹೇಳಿದಳು. ನಾನು ಬಾಯಿ ತೆರೆದೆ. "ಒನ್ ಮಿನಿಟ್, ಅಪ್ಪಾ," ಎಂದು ಕೈ ಅಡ್ಡ ಹಿಡಿದು ಮುಂದುವರಿಸಿದಳು.

ಫೋನಿನ ಆ ಕಡೆಯಿಂದ "ದೇಸಾಯರ, ಹಲೋ, ಏನಾತ್ರಿ?" ಎನ್ನುತ್ತಿದ್ದರು.

"ಈಗ ಮದುವಿ ಮಾತು ಬ್ಯಾಡ್ರಿ. ಹುಡುಗಿದು ಇನ್ನೂ ಮುಗಿದಿಲ್ಲ," ಎಂದು ಇಟ್ಟುಬಿಟ್ಟೆ.

ಇದನ್ನು ಮಾಸ್ತರರಿಗೆ ತಿಳಿಸಬೇಕೆನಿಸಿತು. ಎದುರಿನ ಬಾಗಿಲಿಗೆ ಬೀಗ. ತುರ್ಕಿಯಲ್ಲಿ ಯಾವ ಊರು ಎಂದು ನಾನು ಒಮ್ಮೆಯೂ ಕೇಳಿರಲಿಲ್ಲ.